ಕಣಭೌತ ಸಿಮ್ಯುಲೇಷನ್‌ನಲ್ಲಿ ಜಿಪಿಯು

ಕಣಗಳ ಚಲನೆ, ಡಿಕ್ಕಿ ಮತ್ತು ಕ್ಷಯಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಕೆಲಸಕ್ಕೆ ಗ್ರಾಫಿಕ್ಸ್ ಪ್ರೊಸೆಸರ್ (ಜಿಪಿಯು) ಬಳಸಿ ವೇಗ ಹೆಚ್ಚಿಸುವ ವಿಧಾನ. ಪರದೆಯ ಲಕ್ಷಾಂತರ ಬಿಂದುಗಳಿಗೆ ಒಂದೇ ಬಗೆಯ ಲೆಕ್ಕವನ್ನು ಏಕಕಾಲಕ್ಕೆ ಮಾಡಲೆಂದು ರೂಪುಗೊಂಡ ಈ ಚಿಪ್‌ಗಳಲ್ಲಿ ಸಾವಿರಾರು ಸರಳ ಗಣಕ ಘಟಕಗಳಿರುತ್ತವೆ. ಒಂದೇ ಸೂತ್ರವನ್ನು ಅಸಂಖ್ಯ ಕಣಗಳಿಗೆ ಅನ್ವಯಿಸುವಾಗ ಅವು ಚೆನ್ನಾಗಿ ಒದಗುತ್ತವೆ.

ಅಂಥ ಲೆಕ್ಕಕ್ಕೆ ಅತ್ಯಂತ ಸ್ವಚ್ಛವಾದ ಉದಾಹರಣೆಯೊಂದು ಜಿಪಿಯು ಹುಟ್ಟುವುದಕ್ಕೆ ಎಷ್ಟೋ ಮೊದಲಿನದು. ಪಡುಬಿದ್ರಿಗೆ ಸಮೀಪದ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾವ್ (1932–2017) ಆರ್ಯಭಟ ಉಪಗ್ರಹದ ರೂವಾರಿಯಾಗಿ, ಇಸ್ರೋ ಅಧ್ಯಕ್ಷರಾಗಿ ಪ್ರಸಿದ್ಧರು. ಮೂಲತಃ ಅವರು ವಿಶ್ವಕಿರಣ ವಿಜ್ಞಾನಿ. ಅಮೆರಿಕದ ಎಂಐಟಿಯಲ್ಲಿದ್ದಾಗ, 1962ರಲ್ಲಿ, ಕೆ.ಜಿ. ಮೆಕ್ರಾಕನ್ ಮತ್ತು ಎಂ.ಎ. ಶೇ ಅವರೊಂದಿಗೆ ಭೂಕಾಂತಕ್ಷೇತ್ರದೊಳಗೆ ವಿಶ್ವಕಿರಣಗಳು ಸಾಗುವ ಪಥಗಳ ಕುರಿತು ವರದಿ ಹೊರತಂದರು. ಅದನ್ನು ವಿಸ್ತರಿಸಿದ ಕೋಷ್ಟಕಗಳು 1965ರಲ್ಲಿ ಬಂದವು. ರಾವ್ ಅವರ ಈ ಕೆಲಸಕ್ಕೆ ಅವರ ಉಪಗ್ರಹಗಳಿಗೆ ಸಿಕ್ಕಷ್ಟು ಗಮನ ಸಿಗಬೇಕಿತ್ತು.

ವೀಕ್ಷಣಾಕೇಂದ್ರಕ್ಕೆ ಬಂದು ಬಡಿದ ಪ್ರೋಟಾನ್ ಬಾಹ್ಯಾಕಾಶದ ಯಾವ ದಿಕ್ಕಿನಿಂದ ಬಂತು ಎಂಬುದು ಅಲ್ಲಿನ ಪ್ರಶ್ನೆ. ಅದಕ್ಕಾಗಿ ಕಣವನ್ನು ಹಿಮ್ಮುಖವಾಗಿ ನಡೆಸುತ್ತಾರೆ: ವಿದ್ಯುದಾವೇಶದ ಚಿಹ್ನೆ ಬದಲಿಸಿ, ಕೇಂದ್ರದಿಂದ ಮೇಲಕ್ಕೆ ಕಳುಹಿಸಿ, ಕಾಂತಕ್ಷೇತ್ರ ಅದನ್ನು ಹೇಗೆ ಬಾಗಿಸುತ್ತದೆಂದು ಹೆಜ್ಜೆಹೆಜ್ಜೆಗೂ ಲೆಕ್ಕಹಾಕುತ್ತಾರೆ. ಕಣ ಹೊರಗೆ ಪಾರಾದರೆ ಆ ದಾರಿ ಸಾಧ್ಯ. ಮರಳಿ ಭೂಮಿಗೇ ಬಿದ್ದರೆ ನಿಷಿದ್ಧ. ಕೇಂದ್ರ, ದಿಕ್ಕು, ಶಕ್ತಿ ಬದಲಾದಂತೆಲ್ಲ ಲೆಕ್ಕವನ್ನು ಮೊದಲಿನಿಂದ ಮಾಡಬೇಕು. ಆದರೆ ಒಂದು ಪಥಕ್ಕೆ ಇನ್ನೊಂದರ ಹಂಗಿಲ್ಲ. ಹೀಗಾಗಿ ಒಂದೊಂದು ಪಥವನ್ನು ಜಿಪಿಯುವಿನ ಒಂದೊಂದು ಎಳೆಗೆ (ಥ್ರೆಡ್, ಅಂದರೆ ಒಂದು ಲೆಕ್ಕದ ಸರಣಿ) ಒಪ್ಪಿಸಿಬಿಡಬಹುದು.

ಇಲ್ಲೂ ಒಂದು ತೊಡಕುಂಟು. ಎನ್ವಿಡಿಯಾ ಚಿಪ್‌ಗಳಲ್ಲಿ 32 ಎಳೆಗಳು ಗುಂಪಾಗಿ ಒಂದೇ ಆದೇಶವನ್ನು ಪಾಲಿಸುತ್ತವೆ. ಹೆಚ್ಚು ಶಕ್ತಿಯ ಕಣ ಕೆಲವೇ ಹೆಜ್ಜೆಗಳಲ್ಲಿ ಪಾರಾಗುತ್ತದೆ. ಕಡಿಮೆ ಶಕ್ತಿಯದು ಸುತ್ತಿಸುತ್ತಿ ಬಹಳ ಹೊತ್ತು ಅಲೆಯುತ್ತದೆ. ಎರಡೂ ಒಂದೇ ಗುಂಪಿನಲ್ಲಿದ್ದರೆ ಕೆಲಸ ಮುಗಿಸಿದ ಎಳೆಗಳು ಸುಮ್ಮನೆ ಕಾಯಬೇಕು. ಸಮಾನ ಶಕ್ತಿಯ ಕಣಗಳನ್ನು ಒಟ್ಟಿಗೆ ಇಟ್ಟರೆ ಈ ನಷ್ಟ ತಗ್ಗುತ್ತದೆ. ಸಾಧ್ಯ-ನಿಷಿದ್ಧಗಳ ಗಡಿಯಲ್ಲಿ ಸಣ್ಣ ತಪ್ಪೂ ಉತ್ತರವನ್ನು ತಿರುವುಮುರುವು ಮಾಡುವುದರಿಂದ ಅಲ್ಲಿ 64 ಬಿಟ್ ಅಂಕಿಗಳೇ ಬೇಕು. ಆಟಕ್ಕೆಂದು ಮಾರುವ ಅಗ್ಗದ ಕಾರ್ಡ್‌ಗಳು ನಿಧಾನವಾಗುವುದು ಇಲ್ಲಿಯೇ.

ಕ್ವಾರ್ಕ್‌ಗಳ ಬಂಧವನ್ನು ದೇಶ-ಕಾಲದ ಜಾಲಕದ ಮೇಲೆ ಲೆಕ್ಕಹಾಕುವ ಲ್ಯಾಟಿಸ್ ಕ್ಯೂಸಿಡಿಗೆ ಆಟದ ಕಾರ್ಡನ್ನು ಬಳಸಿ ತೋರಿಸಿದ ಪ್ರಬಂಧ 2006ರಷ್ಟು ಹಿಂದೆಯೇ ಬಂತು. ಝೋಲ್ಟಾನ್ ಫೋಡೋರ್ ಅದರ ಲೇಖಕರಲ್ಲೊಬ್ಬರು. ಈ ಕ್ಷೇತ್ರದ ಹಾಟ್‌ಕ್ಯೂಸಿಡಿ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡಿದೆ. ಸಾಮಾನ್ಯ ದ್ರವ್ಯ ಕ್ವಾರ್ಕ್-ಗ್ಲುಆನ್ ಸ್ಥಿತಿಗೆ ಬದಲಾಗುವ ತಾಪವನ್ನು ಆ ತಂಡ 2019ರಲ್ಲಿ 156.5 ಎಂಇವಿ, ಅಂದರೆ ಸುಮಾರು 1.8 ಲಕ್ಷ ಕೋಟಿ ಕೆಲ್ವಿನ್ ಎಂದು ನಿಗದಿಪಡಿಸಿತು. ಅದೇ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನಲ್ಲಿ ಜಿಪಿಯು ನೋಡ್‌ಗಳಿವೆ.

ಜಿಪಿಯುಗೆ ಸುಲಭವಾಗಿ ಬಗ್ಗದಿರುವುದು ಶೋಧಕದೊಳಗಿನ ಕಣವರ್ಷ. ಫೋಟಾನ್ ಒಡೆದು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುತ್ತದೆ, ಅವು ಮತ್ತೆ ಫೋಟಾನ್ ಸೂಸುತ್ತವೆ; ಮುಂದೇನಾಗುವುದೆಂದು ಪ್ರತಿ ಹೆಜ್ಜೆಯಲ್ಲೂ ಯಾದೃಚ್ಛಿಕ ಸಂಖ್ಯೆ ನಿರ್ಧರಿಸುತ್ತದೆ. ಪಕ್ಕಪಕ್ಕದ ಎಳೆಗಳಿಗೆ ಬೇರೆಬೇರೆ ಆದೇಶಗಳು ಬೇಕಾಗುತ್ತವೆ. ಈ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಸುವ ಜಿಯಾಂಟ್-4 ತಂತ್ರಾಂಶವನ್ನು ಸಾಮಾನ್ಯ ಪ್ರೊಸೆಸರ್‌ಗಾಗಿಯೇ ಬರೆಯಲಾಗಿತ್ತು. ಅದರಲ್ಲಿ ಎಲೆಕ್ಟ್ರಾನ್, ಪಾಸಿಟ್ರಾನ್, ಫೋಟಾನ್‌ಗಳ ಪಾಲನ್ನು ಮಾತ್ರ ಜಿಪಿಯುಗೆ ವರ್ಗಾಯಿಸಲು ಸರ್ನ್‌ನ ಅಡೆಪ್ಟ್, ಅಮೆರಿಕದ ಸೆಲೆರಿಟಾಸ್ ಯೋಜನೆಗಳು ಶ್ರಮಿಸುತ್ತಿವೆ. ಪ್ರೋಟಾನ್, ಪಯಾನ್‌ನಂಥ ಹ್ಯಾಡ್ರಾನ್‌ಗಳ ಲೆಕ್ಕ ಹಳೆಯ ಪ್ರೊಸೆಸರ್‌ನಲ್ಲೇ ಉಳಿಯುತ್ತದೆ. ಒಟ್ಟು ಸಮಯದ ಶೇ. 80ರಷ್ಟನ್ನು ತಿನ್ನುವ ಭಾಗ ಜಿಪಿಯುವಿನಲ್ಲಿ ಕ್ಷಣಾರ್ಧದಲ್ಲಿ ಮುಗಿದರೂ ಇಡೀ ಕೆಲಸದ ವೇಗ ಐದು ಪಟ್ಟು ಮೀರದು.