ದೇವಾಲಯ ನಿರ್ಮಾಣದಲ್ಲಿ ಸಮುದಾಯದ ಪಾತ್ರ: ಶಾರ್ತ್ರ್, ತಂಜಾವೂರು, ಜೆನ್ನೆ

ಪ್ರಪಂಚದ ಹಿರಿಯ ದೇವಾಲಯಗಳನ್ನು ಕುರಿತು ಬರೆಯುವಾಗ, ಅವು ಒಬ್ಬ ಅರಸನ ಅಥವಾ ಒಬ್ಬ ಶಿಲ್ಪಿಯ ಕೃತಿಗಳಲ್ಲವೆಂದೂ ಒಂದು ಜನಸಮುದಾಯವೇ ಕೂಡಿ ಸಾಧಿಸಿದ ಕಾರ್ಯಗಳೆಂದೂ ಹೇಳುವುದು ವಾಡಿಕೆಯಾಗಿದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಲೇಖಕರು ತಮ್ಮ ದೇಶದ ಗಾಥಿಕ್ ಇಗರ್ಜಿಗಳ ವಿಷಯದಲ್ಲಿ ಈ ಮಾತಿಗೆ ವಿಶೇಷ ಪ್ರಚಾರವನ್ನು ಕೊಟ್ಟರು. ಇಂದಿಗೂ ಅದು ತರಗತಿಗಳಲ್ಲಿ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ‘ಜನ’ ಎಂದರೆ ಯಾರು, ಅವರು ಕೂಡಿದ್ದು ಸ್ವಸಂತೋಷದಿಂದಲೋ ನಿರ್ಬಂಧದಿಂದಲೋ, ಕಟ್ಟಡ ಮುಗಿದ ಮೇಲೆ ಅದರೊಡನೆ ಅವರ ಸಂಬಂಧವೇನಾಯಿತು ಎಂಬ ಪ್ರಶ್ನೆಗಳನ್ನು ಕೈಬಿಟ್ಟು ಹೇಳಿದಾಗ ಅದು ಇತಿಹಾಸವಾಗದೆ ಸ್ತುತಿಯಾಗುತ್ತದೆ. ಸಮುದಾಯದ ಪಾತ್ರವನ್ನು ಕಲ್ಲೆತ್ತಿದ ದಿನಗಳ ಉತ್ಸಾಹದಲ್ಲಿ ಅರಸುವುದಕ್ಕಿಂತ, ಕಟ್ಟಡವನ್ನು ನಡೆಸಿಕೊಂಡು ಹೋಗಲು ಏರ್ಪಟ್ಟ ಹೊಣೆಗಳಲ್ಲಿ ಅರಸುವುದು ಮೇಲೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರವಾಗಿ ಮೂರು ನಾಡುಗಳ ಮೂರು ಕಟ್ಟಡಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

ಉತ್ಸಾಹದ ವಾದಕ್ಕೆ ಬಹಳ ಮಟ್ಟಿಗೆ ಮೂಲವಾದದ್ದು ಫ್ರಾನ್ಸಿನ ಶಾರ್ತ್ರ್ ನಗರದ ಇಗರ್ಜಿ. ಕ್ರಿ. ಶ. 1145ರಲ್ಲಿ ಅದರ ಪಶ್ಚಿಮದ ಗೋಪುರಗಳ ಕೆಲಸ ನಡೆಯುತ್ತಿದ್ದಾಗ ಕಂಡ ದೃಶ್ಯವೊಂದನ್ನು ಆ ಕಾಲದ ಎರಡು ಪತ್ರಗಳು ವರ್ಣಿಸುತ್ತವೆ. ಒಂದು, ರೂಆನಿನ ಆರ್ಚ್‌ಬಿಷಪ್ ಹ್ಯೂ ಅಮಿಯೆನಿನ ಬಿಷಪ್ಪನಿಗೆ ಬರೆದದ್ದು. ಇನ್ನೊಂದು, ನಾರ್ಮಂಡಿಯ ಮಠಾಧಿಪತಿ ಎಮೋನ್ ಇಂಗ್ಲೆಂಡಿನ ಟಟ್‌ಬರಿಯ ಸನ್ಯಾಸಿಗಳಿಗೆ ಬರೆದದ್ದು. ಕುಲೀನ ಸ್ತ್ರೀಪುರುಷರು ಎತ್ತುಗಳಂತೆ ಬಂಡಿಗಳಿಗೆ ಕೊರಳೊಡ್ಡಿ ಕಲ್ಲು, ಸುಣ್ಣ, ಮರ, ಗೋದಿ, ಎಣ್ಣೆ, ದ್ರಾಕ್ಷಾಮದ್ಯಗಳನ್ನು ಎಳೆದು ತಂದರೆಂದೂ, ಸಾವಿರಾರು ಜನ ಸೇರಿದ್ದರೂ ಪಾಪನಿವೇದನೆಯ ದನಿಯ ಹೊರತು ಬೇರೊಂದು ಮಾತು ಕೇಳಿಸುತ್ತಿರಲಿಲ್ಲವೆಂದೂ ಎಮೋನ್ ಹೇಳುತ್ತಾನೆ. ಹಗೆಯನ್ನು ಬಿಡಲೊಪ್ಪದವನ ಕಾಣಿಕೆಯನ್ನು ಬಂಡಿಯಿಂದ ಕೆಳಕ್ಕೆ ಎಸೆದು ಅವನನ್ನು ಗುಂಪಿನಿಂದ ಹೊರಗೆ ಹಾಕುತ್ತಿದ್ದರಂತೆ. ಈ ಕೊನೆಯ ಸಂಗತಿಯನ್ನು ನಾವು ಗಮನಿಸಬೇಕು. ಬಂಡಿ ಎಳೆಯುವುದು ಇಲ್ಲಿ ಕೇವಲ ಸಾಗಣೆಯ ಕೆಲಸವಲ್ಲ, ಪ್ರಾಯಶ್ಚಿತ್ತದ ಒಂದು ವಿಧಿ. ಊರಿನ ವ್ಯಾಜ್ಯಗಳನ್ನು ತೀರಿಸುವ ಒಂದು ಉಪಾಯವೂ ಹೌದು. ಮಠಾಧಿಪತಿ ಬರೆದದ್ದು ಭಕ್ತರ ಮನಸ್ಸನ್ನು ಕುದುರಿಸುವುದಕ್ಕಾಗಿಯೇ ಹೊರತು ಕಾಮಗಾರಿಯ ವರದಿಯಾಗಿ ಅಲ್ಲ.

ಇಂದು ನಾವು ಕಾಣುವ ಶಾರ್ತ್ರ್ ಇಗರ್ಜಿಯ ಬಹುಭಾಗವಾದರೋ 1194ರ ಜೂನ್ ತಿಂಗಳ ಅಗ್ನಿಪ್ರಮಾದದ ಅನಂತರದ್ದು. ಮೇರಿಮಾತೆಯ ಅಂಗಿಯೆಂದು ಪೂಜೆಗೊಳ್ಳುತ್ತಿದ್ದ ವಸ್ತ್ರ ಬೆಂಕಿಯಲ್ಲಿ ನಾಶವಾಯಿತೆಂದು ಜನ ಮೊದಲು ಎದೆಗುಂದಿದರು. ಅದು ಸುರಕ್ಷಿತವಾಗಿ ಹೊರಬಂದ ಮೇಲೆ ಪುನರ್ನಿರ್ಮಾಣಕ್ಕೆ ಮನಸ್ಸು ಮಾಡಿದರು. ಹದಿಮೂರನೆಯ ಶತಮಾನದ ಆದಿಯಲ್ಲಿ ಸಂಕಲಿತವಾದ ಪವಾಡಕಥೆಗಳ ಗ್ರಂಥವೇ ಇದನ್ನೆಲ್ಲ ತಿಳಿಸುವುದು. ಅದೇ ಗ್ರಂಥ ಹಣದ ವಿಷಯವನ್ನೂ ಮುಚ್ಚಿಡದೆ ಹೇಳುತ್ತದೆ: ಬಿಷಪ್ಪನೂ ಇಗರ್ಜಿಯ ಕ್ಯಾನನ್ನರೂ ತಮ್ಮ ಆದಾಯದ ದೊಡ್ಡ ಭಾಗವೊಂದನ್ನು ಮೂರು ವರ್ಷಗಳ ಕಾಲ ಬಿಟ್ಟುಕೊಟ್ಟರು, ಆ ಅವಧಿ ಕಳೆದೊಡನೆ ಕೂಲಿಗೆ ಕೊಡಲು ದುಡ್ಡು ಸಾಲದೆ ಹೋಯಿತು. ಹೀಗೆ ದುಡಿದವರು ಬಹುಮಟ್ಟಿಗೆ ಕೂಲಿಯವರು ಎಂಬುದು ಭಕ್ತಿಗ್ರಂಥದಿಂದಲೇ ಸ್ಪಷ್ಟವಾಗುತ್ತದೆ. ಹಣವೆತ್ತಲು ಬೋಧಕರನ್ನು ದೂರದ ಊರುಗಳಿಗೆ ಕಳುಹಿಸಿದರು. ಪ್ಯಾರಿಸಿನಲ್ಲಿ ಓದು ಮುಗಿಸಿ ಲಂಡನಿಗೆ ಹಿಂತಿರುಗುತ್ತಿದ್ದ ತರುಣನೊಬ್ಬ ಸ್ವಾಸ್ಸೋನಿನಲ್ಲಿ ಅಂಥ ಬೋಧನೆಯನ್ನು ಕೇಳಿ, ತನ್ನ ಪ್ರಿಯೆಗಾಗಿ ಕೊಂಡಿದ್ದ ಚಿನ್ನದ ಸರವನ್ನು, ಅದರ ಹೊರತು ಕೈಯಲ್ಲಿ ಬೇರೇನೂ ಇಲ್ಲದ ಕಾರಣ, ಕಾಣಿಕೆಯಾಗಿ ಕೊಟ್ಟನೆಂಬ ಕಥೆ ಅಲ್ಲಿದೆ. ಕಥೆ ಸೊಗಸಾಗಿದೆ; ಆದರೆ ಕಟ್ಟಡ ಎದ್ದದ್ದು ಇಂಥ ಸರಗಳಿಗಿಂತ ಹೆಚ್ಚಾಗಿ ಸುತ್ತಣ ಬೋಸ್ ಬಯಲಿನ ಗೋದಿಯ ಗೇಣಿಯಿಂದ. ಕ್ಯಾನನ್ನರ ‘ತ್ಯಾಗ’ದ ಹಿಂದೆ ಆ ಬಯಲನ್ನು ಉತ್ತ ರೈತರಿದ್ದರು, ಅವರ ಒಪ್ಪಿಗೆಯನ್ನು ಯಾರೂ ಕೇಳಿದಂತಿಲ್ಲ.

ಈ ಇಗರ್ಜಿಯ ಬಣ್ಣದ ಗಾಜಿನ ಕಿಟಕಿಗಳಲ್ಲಿ ನಲವತ್ತಕ್ಕೂ ಮಿಕ್ಕಿದವುಗಳ ಮೇಲೆ ರೊಟ್ಟಿ ಸುಡುವವರು, ಚಮ್ಮಾರರು, ತುಪ್ಪುಳದ ವ್ಯಾಪಾರಿಗಳು, ನಾಣ್ಯ ವಿನಿಮಯ ಮಾಡುವವರು ಮೊದಲಾದ ಕಸುಬುದಾರರ ಚಿತ್ರಗಳಿವೆ. ಆಯಾ ಶ್ರೇಣಿಗಳೇ ಅವನ್ನು ದಾನ ಮಾಡಿದವೆಂಬುದು ಬಹುಕಾಲ ಸರ್ವಸಮ್ಮತವಾಗಿದ್ದ ಮತ. 1993ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಜೇನ್ ವೆಲ್ಚ್ ವಿಲಿಯಮ್ಸ್ ಅವರು ಇದನ್ನು ಪ್ರಶ್ನಿಸಿ, ಆ ಚಿತ್ರಗಳು ಕಸುಬುದಾರರ ಸ್ವಾತಂತ್ರ್ಯಕ್ಕಿಂತ ಅವರ ಮೇಲೆ ಪುರೋಹಿತವರ್ಗಕ್ಕಿದ್ದ ಹಿಡಿತವನ್ನೇ ತೋರಿಸುತ್ತವೆಂದು ವಾದಿಸಿದರು. ವಾದದ ಎಲ್ಲ ಅಂಶಗಳನ್ನೂ ಒಪ್ಪಬೇಕಾಗಿಲ್ಲ. ಆದರೂ 1210ರಲ್ಲಿ, ಕಟ್ಟಡದ ಕೆಲಸ ನಡೆಯುತ್ತಿರುವಾಗಲೇ, ಊರಿನ ಜನ ಕ್ಯಾನನ್ನರ ಮುಖ್ಯಸ್ಥನಾದ ಡೀನನ ಮನೆಯ ಮೇಲೆ ಬಿದ್ದರೆಂಬುದನ್ನೂ ರಾಜ ಫಿಲಿಪ್ ಅವರಿಗೆ ದಂಡ ವಿಧಿಸಿದನೆಂಬುದನ್ನೂ ನೆನೆದರೆ, ಏಕಮನಸ್ಸಿನ ಸಮುದಾಯವೆಂಬ ಚಿತ್ರ ನಿಲ್ಲುವುದಿಲ್ಲ. ರ‍್ಹೇಮ್ಸ್ ನಗರದಲ್ಲಂತೂ 1233ರ ದಂಗೆಯಿಂದ ಇಗರ್ಜಿಯ ಕೆಲಸವೇ ಕೆಲವು ವರ್ಷ ನಿಂತುಹೋಯಿತು.

ಹಾಗಾದರೆ ಸಮುದಾಯವೆಂಬುದು ಬರಿಯ ಭ್ರಮೆಯೇ? ಅಲ್ಲ, ಅದು ಲೆಕ್ಕದ ಪುಸ್ತಕಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಇಟಲಿಯ ಮಿಲಾನಿನಲ್ಲಿ 1386ರಲ್ಲಿ ಆರಂಭವಾದ ಇಗರ್ಜಿಗಾಗಿ ಮರುವರ್ಷವೇ ಏರ್ಪಟ್ಟ ‘ಫಾಬ್ರಿಕಾ’ ಎಂಬ ಆಡಳಿತ ಸಂಸ್ಥೆ ಕಾಣಿಕೆ, ಕೂಲಿ, ಅಮೃತಶಿಲೆಯ ಸಾಗಣೆ ಎಲ್ಲವನ್ನೂ ಬರೆದಿಟ್ಟಿತು. ಕಟ್ಟಡದ ಮುಂಭಾಗ ಪೂರ್ಣವಾಗಲು ಹತ್ತೊಂಬತ್ತನೆಯ ಶತಮಾನದ ಆದಿಯವರೆಗೆ ಕಾಯಬೇಕಾಯಿತು. ಆ ಸಂಸ್ಥೆ ಇಂದಿಗೂ ಇದೆ. ಇಂದಿಗೂ ಕಲ್ಲು ಬದಲಾಯಿಸುತ್ತಿದೆ.

ಮಿಲಾನಿಗಿಂತ ಸುಮಾರು ನಾಲ್ಕು ಶತಮಾನಗಳಷ್ಟು ಮುಂಚೆಯೇ ಇಂಥ ಲೆಕ್ಕವನ್ನು ಗೋಡೆಯ ಮೇಲೆಯೇ ಕೆತ್ತಿಸಿದ ದೃಷ್ಟಾಂತ ನಮ್ಮ ನೆರೆಯಲ್ಲಿದೆ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿ ಒಂದನೆಯ ರಾಜರಾಜ ಚೋಳನು ತನ್ನ ಆಳ್ವಿಕೆಯ 25ನೆಯ ವರ್ಷದಲ್ಲಿ, ಎಂದರೆ 1010ರಲ್ಲಿ, ವಿಮಾನದ ಮೇಲಿಡಲು ಕಲಶವನ್ನೊಪ್ಪಿಸಿದನು. ಕಾವೇರಿಯ ಮೆಕ್ಕಲು ಬಯಲಿನಲ್ಲಿ, ಕಲ್ಲೇ ಇಲ್ಲದೆಡೆಯಲ್ಲಿ, ಸುಮಾರು 60 ಮೀಟರು ಎತ್ತರಕ್ಕೆ ಕರಿಕಲ್ಲಿನ ವಿಮಾನವನ್ನೆತ್ತುವುದು ಎಂತಹ ಸಾಹಸವೆಂಬುದನ್ನು ವಿವರಿಸಬೇಕಾಗಿಲ್ಲ. ತಾನು, ತನ್ನ ಅಕ್ಕ, ತನ್ನ ರಾಣಿಯರು ಮತ್ತು ಇತರರು ಕೊಟ್ಟುದೆಲ್ಲವನ್ನೂ ಕಲ್ಲಿನ ಮೇಲೆ ಕೆತ್ತಬೇಕೆಂದು ರಾಜನು ಆಜ್ಞಾಪಿಸಿದನು. ಹುಲ್ಟ್ಷ್ ಅವರು 1891ರಿಂದ ಪ್ರಕಟಿಸತೊಡಗಿದ ಈ ಶಾಸನಗಳನ್ನು ಓದಿದವರಿಗೆ ಮೊದಲು ಬೇಸರವೂ ಆಮೇಲೆ ವಿಸ್ಮಯವೂ ಉಂಟಾಗುತ್ತವೆ.

ಒಂದು ನಂದಾದೀಪಕ್ಕೆ ಇಷ್ಟೆಂದು ಪಶುಗಳನ್ನು ಗೊತ್ತುಮಾಡಿ, ಉದಾಹರಣೆಗೆ 96 ಕುರಿಗಳನ್ನು, ಕುರುಬನೊಬ್ಬನ ವಶಕ್ಕೆ ಕೊಡುತ್ತಿದ್ದರು. ಅವನು ದಿನಕ್ಕೆ ಒಂದು ಉಳಕ್ಕು ತುಪ್ಪವನ್ನು ಒಪ್ಪಿಸಬೇಕು. ದೇವರ ಹಣವನ್ನು ಗ್ರಾಮಸಭೆಗಳಿಗೆ ಶೇಕಡಾ 12.5ರ ಬಡ್ಡಿಗೆ ಸಾಲವಾಗಿ ಕೊಟ್ಟು, ಆ ಬಡ್ಡಿಯಿಂದ ಪೂಜಾದ್ರವ್ಯಗಳ ವೆಚ್ಚವನ್ನು ನಡೆಸುತ್ತಿದ್ದರು. ಕಾವಲುಗಾರರನ್ನು ಕಳುಹಿಸಿ ಅವರಿಗೆ ಬತ್ತವನ್ನು ಅಳೆಯುವ ಹೊಣೆ ನಾಡಿನ ಹಳ್ಳಿಗಳದು. ಬೇರೆ ಬೇರೆ ಊರುಗಳ ದೇವಾಲಯಗಳಿಂದ ಕರೆತಂದ 400 ಮಂದಿ ದೇವಾಲಯದ ಸ್ತ್ರೀಯರ ಹೆಸರು, ಅವರು ಬಂದ ಊರು, ಇಲ್ಲಿ ಯಾವ ಬೀದಿಯ ಯಾವ ಸಾಲಿನಲ್ಲಿ ಅವರ ಮನೆ ಎಂಬುದೆಲ್ಲವೂ ಶಾಸನದಲ್ಲಿದೆ. ನಟ್ಟುವರು, ವಾದ್ಯಗಾರರು, ಕೊಡೆ ಹಿಡಿಯುವವರು, ಕುಂಬಾರರು, ಅಗಸರು, ಕ್ಷೌರಿಕರು, ದರ್ಜಿಗಳು, ಬಡಗಿಗಳು ಇವರಿಗೂ ಪಾಲುಗಳು ನಿಗದಿಯಾಗಿದ್ದವು. ಒಬ್ಬರು ಸತ್ತರೆ ಅಥವಾ ಊರು ಬಿಟ್ಟರೆ ಸಮೀಪದ ಬಂಧು ಆ ಕೆಲಸಕ್ಕೆ ಬರಬೇಕು. ಬಂಧುವಿಗೆ ಯೋಗ್ಯತೆ ಇಲ್ಲದಿದ್ದರೆ ಯೋಗ್ಯರನ್ನು ಆರಿಸಬೇಕು. ಕುರಿ ಕಾಯುವವನಿಂದ ಹಿಡಿದು ಸಾಲ ಪಡೆದ ಸಭೆಯವರೆಗೆ, ದೇವಾಲಯವನ್ನು ಎಂದೂ ನೋಡಿರದವನೂ ಅದರೊಡನೆ ಋಣದಿಂದ ಬಂಧಿತನಾಗಿದ್ದನು. ಸಮುದಾಯವೆಂಬುದರ ನಿಜವಾದ ಸ್ವರೂಪ ಇಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಇಷ್ಟೆಲ್ಲ ವಿವರವಿದ್ದರೂ ಕಲ್ಲನ್ನು ಎಳೆದು ತಂದವರಿಗೆ ಸಂದ ಕೂಲಿಯ ಲೆಕ್ಕವನ್ನು ಈ ಗೋಡೆಗಳು ಕೊಡುವುದಿಲ್ಲ. ಪ್ರಧಾನ ಸ್ಥಪತಿಯಾದ ಕುಂಜರಮಲ್ಲನ ಹೆಸರಿದೆ. ಹೊರೆ ಹೊತ್ತವರ ಹೆಸರಿಲ್ಲ. ಚೋಳರ ಶಾಸನಗಳಲ್ಲಿ ಬರುವ ‘ವೆಟ್ಟಿ’ ಎಂಬ ದುಡಿಮೆಯೇ ನಮ್ಮ ‘ಬಿಟ್ಟಿ’; ಎರಡಕ್ಕೂ ಮೂಲ ಸಂಸ್ಕೃತದ ವಿಷ್ಟಿ. ತಂಜಾವೂರಿನ ಕಲ್ಲಿನಲ್ಲಿ ಅದರ ಪಾಲೆಷ್ಟೆಂದು ಅಳೆಯಲು ಸಾಧನವಿಲ್ಲವಾದರೂ, ಬಿಟ್ಟಿಯನ್ನು ಬಲ್ಲ ರಾಜ್ಯವೊಂದು ಇಂಥ ಕಾರ್ಯದಲ್ಲಿ ಅದನ್ನು ಬಳಸದೆ ಬಿಟ್ಟಿತೆಂದು ನಂಬುವುದು ಕಷ್ಟ.

ಕನ್ನಡಿಗರಾದ ನಾವು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಯುದ್ಧಗಳಲ್ಲಿ ವಶಪಡಿಸಿಕೊಂಡ ಧನದಿಂದ ರಾಜರಾಜನು ಮಾಡಿದ ದಾನಗಳನ್ನು ಹೇಳುವಾಗ ಈ ಶಾಸನಗಳು ಚೇರ ಪಾಂಡ್ಯರೊಡನೆ ಸತ್ಯಾಶ್ರಯನನ್ನೂ ಹೆಸರಿಸುತ್ತವೆ. ಅವನನ್ನು ಜಯಿಸಿ ಬಂದು ರಾಜನು ದೇವರ ಪಾದಕ್ಕೆ ಚಿನ್ನದ ಹೂಗಳನ್ನು ಅರ್ಪಿಸಿದನು. ಸತ್ಯಾಶ್ರಯನು ಕಲ್ಯಾಣ ಚಾಳುಕ್ಯರ ದೊರೆ, ಇರಿವಬೆಡಂಗನೆಂಬ ಬಿರುದಿನವನು. ಅದೇ ದಂಡಯಾತ್ರೆಯನ್ನು ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹೊಟ್ಟೂರಿನ 1007ರ ಶಾಸನ ಬೇರೆ ಬಗೆಯಾಗಿ ಹೇಳುತ್ತದೆ: ಒಂಬತ್ತು ಲಕ್ಷದ ಚೋಳಸೈನ್ಯ ನಾಡನ್ನು ಸೂರೆಗೊಂಡು ಹೆಂಗಸರು ಮಕ್ಕಳೆನ್ನದೆ ಕೊಂದಿತೆಂದು. ಸೈನ್ಯದ ಸಂಖ್ಯೆ ಉತ್ಪ್ರೇಕ್ಷೆಯೇ ಇರಬಹುದು. ಒಂದು ನಾಡಿನ ಭಕ್ತಿಯ ಹೂವಿನಲ್ಲಿ ಇನ್ನೊಂದು ನಾಡಿನ ಸುಲಿಗೆ ಸೇರಿತ್ತೆಂಬುದು ಮಾತ್ರ ಈ ಎರಡು ಶಾಸನಗಳನ್ನು ಜೊತೆಯಲ್ಲಿಟ್ಟು ಓದಿದಾಗ ತಿಳಿಯುತ್ತದೆ.

ಶಾರ್ತ್ರ್‌ನಲ್ಲಿ ಚರ್ಮಪತ್ರ, ತಂಜಾವೂರಿನಲ್ಲಿ ಕಲ್ಲು ನಮಗೆ ದಾಖಲೆಯಾದವು. ಪಶ್ಚಿಮ ಆಫ್ರಿಕದ ಮಾಲಿ ದೇಶದ ಜೆನ್ನೆ ನಗರದಲ್ಲಿ ರೂಢಿಯೇ ದಾಖಲೆ. ಅಲ್ಲಿನ ಮಹಾ ಮಸೀದಿ ಪೂರ್ತಿಯಾಗಿ ಮಣ್ಣಿನದು. ಹಳೆಯ ಮಸೀದಿ ಹತ್ತೊಂಬತ್ತನೆಯ ಶತಮಾನದಲ್ಲಿ ಸೇಕು ಅಮದುವಿನ ಕಾಲದಲ್ಲಿ ಪಾಳುಬಿದ್ದಿತು. ಈಗಿನದು ಫ್ರೆಂಚರ ಆಡಳಿತದಲ್ಲಿ, ಅಲ್ಲಿನ ಗಾರೆಯವರ ಶ್ರೇಣಿಯ ಮುಖ್ಯಸ್ಥ ಇಸ್ಮಾಯಿಲಾ ತ್ರಾವೊರೆಯ ಮೇಲ್ವಿಚಾರಣೆಯಲ್ಲಿ, 1907ರಲ್ಲಿ ಮುಗಿಯಿತು. ಮಳೆಗೆ ಕರಗುವ ಗೋಡೆಗಳಾದ ಕಾರಣ ಪ್ರತಿವರ್ಷವೂ ಹೊಸ ಲೇಪ ಬೇಕು. ಮಣ್ಣಿಗೆ ಬತ್ತದ ಹೊಟ್ಟನ್ನು ಸೇರಿಸಿ ಗುಂಡಿಗಳಲ್ಲಿ ಕೊಳೆಹಾಕುತ್ತಾರೆ. ಗೊತ್ತಾದ ದಿನ ತರುಣರು ಬುಟ್ಟಿಗಳಲ್ಲಿ ಕೆಸರನ್ನು ಹೊತ್ತು ಓಡುತ್ತಾರೆ, ಹೆಂಗಸರು ನೀರು ತರುತ್ತಾರೆ, ಕೇರಿಗಳು ಪರಸ್ಪರ ಪೈಪೋಟಿ ನಡೆಸುತ್ತವೆ. ಗೋಡೆಯಿಂದ ಹೊರಚಾಚಿದ ತಾಳೆಮರದ ತೊಲೆಗಳನ್ನು ಹತ್ತಿ ನಿಂತು ಗಾರೆಯವರು ಕೆಲಸವನ್ನು ನಡೆಸುತ್ತಾರೆ. ಎಮೋನ್ ಬಣ್ಣಿಸಿದ ಉತ್ಸಾಹ ಇಲ್ಲಿಯೂ ಇದೆ, ಆದರೆ ಮೌನವಿಲ್ಲ. ಗದ್ದಲವೇ ಇಲ್ಲಿನ ವಿಧಿ.

ಈ ಸಮುದಾಯವೂ ಒಡಕಿಲ್ಲದ್ದಲ್ಲ. 2006ರ ಸೆಪ್ಟೆಂಬರಿನಲ್ಲಿ ಆಗಾ ಖಾನ್ ಸಂಸ್ಥೆಯ ತಜ್ಞರು ಮಸೀದಿಯ ಮಾಳಿಗೆಯನ್ನು ಪರೀಕ್ಷಿಸಲು ಹೋದಾಗ ಊರಿನಲ್ಲಿ ದೊಂಬಿಯಾಯಿತು. ತಮಗೆ ತಿಳಿಯದಂತೆ ತಮ್ಮ ಮಸೀದಿಯ ಮೇಲೆ ಕೈಹಾಕಿದರೆಂಬುದು ಜನರ ಕೋಪ. ತಜ್ಞರ ಆತಂಕಕ್ಕೂ ಕಾರಣವಿತ್ತು: ವರ್ಷವರ್ಷವೂ ಬಳಿದ ಮಣ್ಣು ಪದರಪದರವಾಗಿ ಕೂತು ಗೋಡೆಗೂ ಮಾಳಿಗೆಗೂ ಭಾರವಾಗಿತ್ತು. ಭಕ್ತಿಯೇ ಕಟ್ಟಡಕ್ಕೆ ಹೊರೆಯಾಗಿದ್ದಿತೆನ್ನಬಹುದು. ಮುಂದೆ ಸ್ಥಳೀಯ ಗಾರೆಯವರನ್ನೇ ಸೇರಿಸಿಕೊಂಡು ಆ ಪದರಗಳನ್ನು ಕೆರೆದು ತೆಗೆದರು. ದುರಸ್ತಿ ನಡೆದಷ್ಟು ಕಾಲ ವಾರ್ಷಿಕ ಲೇಪನ ನಿಂತಿತ್ತು. ಅನಂತರ ಅದು ಪುನಃ ಆರಂಭವಾಯಿತು, ಗಾರೆಯವರ ಯಜಮಾನಿಕೆಯಲ್ಲಿಯೇ.