ಗಣಕ ಹೊರಟಿತು, ಜಾಲ ಉಳಿಯಿತು

ಓಡುತ್ತಿರುವ ವರ್ಚುಯಲ್ ಗಣಕವನ್ನು ನಿಲ್ಲಿಸದೆಯೇ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ವಿಮೋಷನ್ ತಂತ್ರಾಂಶವನ್ನು ವಿಎಂವೇರ್ ಸಂಸ್ಥೆ 2003ರಲ್ಲಿ ತಂದಿತು. ಜಾಲ ಮಾತ್ರ ಹಿಂದುಳಿಯಿತು. ಸ್ವಿಚ್‌ಗಳನ್ನು ತಂತ್ರಜ್ಞರು ಒಂದೊಂದಾಗಿ ಕೈಯಾರೆ ಹೊಂದಿಸಬೇಕಿತ್ತು. ಗ್ರಾಹಕರ ಜಾಲಗಳನ್ನು ಬೇರ್ಪಡಿಸುವ ವಿಎಲ್‌ಎಎನ್ ಗುರುತಿಗಿದ್ದುದು 12 ಬಿಟ್ ಮಾತ್ರ. ಅಂದರೆ 4096 ಸಂಖ್ಯೆಗಳು, ಅದರಲ್ಲೂ ಎರಡು ಮೀಸಲು. 2014ರಲ್ಲಿ ಪ್ರಕಟವಾದ ವಿಎಕ್ಸ್‌ಎಲ್‌ಎಎನ್ ವಿಧಾನ 24 ಬಿಟ್ ಒದಗಿಸಿದಾಗ ಸಂಖ್ಯೆ 1.67 ಕೋಟಿ ದಾಟಿತು. ಇಷ್ಟನ್ನು ಕೈಯಲ್ಲಿ ನಿಭಾಯಿಸುವುದುಂಟೆ? 2008ರಲ್ಲೇ ಓಪನ್‌ಫ್ಲೋ ದಾರಿ ತೋರಿತ್ತು: ನಿರ್ಧಾರ ಕೇಂದ್ರ ತಂತ್ರಾಂಶದ್ದು, ಪಾಲನೆ ಸ್ವಿಚ್‌ನದು.

ಆದರೆ ಆಜ್ಞೆ ಒಂದೆಡೆಯಿಂದ ಹೊರಟರೆ ತಪ್ಪೂ ಅಷ್ಟೇ ವೇಗವಾಗಿ ಹರಡುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನಲ್ಲಿ ನಿರ್ವಹಣೆಗೆಂದು ಕೊಟ್ಟ ಒಂದು ಆಜ್ಞೆ ದತ್ತಾಂಶ ಕೇಂದ್ರಗಳ ನಡುವಣ ಸಂಪರ್ಕವನ್ನೇ ಕಡಿಯಿತು. ತಡೆಯಬೇಕಿದ್ದ ತಪಾಸಣಾ ತಂತ್ರಾಂಶದಲ್ಲೇ ದೋಷವಿತ್ತು. ಕೊನೆಗೆ ಎಂಜಿನಿಯರುಗಳೇ ಯಂತ್ರಗಳ ಬಳಿಗೆ ಹೋಗಬೇಕಾಯಿತು.