ಸೀಸವಿಲ್ಲದ ಸೀಸದ ಕಡ್ಡಿ

ಪುಣೆಯ ನಮ್ಮ ಸೊಸೈಟಿಯ ಕಾಂಪೌಂಡಿಗೆ ತಿಳಿನೀಲಿ ಹೂವಿನ ಗಿಡ ಹಾಕಿದ್ದಾರೆ. ಮಾಲಿಯನ್ನು ಹೆಸರು ಕೇಳಿದೆ. ‘ಪ್ಲಂಬಾಗೊ’ ಅಂದ. ಆ ಹೆಸರನ್ನು ನಾನು ಮೊದಲು ಓದಿದ್ದು ಬ್ಯಾಂಕಿನ ಸಾಲದ ಫೈಲಿನಲ್ಲಿ, ಲೋಹ ಕರಗಿಸುವ ಮೂಸೆಯ ಕಚ್ಚಾಮಾಲಿನ ಪಟ್ಟಿಯಲ್ಲಿ. ಅಲ್ಲಿ ಅದು ಗ್ರಾಫೈಟ್, ಅಂದರೆ ಪೆನ್ಸಿಲ್ಲಿನೊಳಗಿನ ಕರಿ. ಕಲ್ಲಿಗೂ ಹೂವಿಗೂ ಒಂದೇ ಹೆಸರೇ?

ಎರಡರ ಬೇರೂ ಲ್ಯಾಟಿನ್ನಿನ ‘ಪ್ಲಂಬಮ್’, ಸೀಸ. (ರೋಮನ್ನರ ನೀರಿನ ಕೊಳವೆಗಳು ಸೀಸದವು. ನಮ್ಮ ನಲ್ಲಿ ರಿಪೇರಿಗೆ ಬರುವ ಪ್ಲಂಬರ್ ಕೂಡ ಇದೇ ವಂಶದವನು!) ಗಿಡದ ರಸ ಚರ್ಮಕ್ಕೆ ತಾಗಿದರೆ ಸೀಸದ ಬಣ್ಣದ ಕಲೆ ಬೀಳುವುದರಿಂದ ಗಿಡಕ್ಕೆ ಆ ಹೆಸರು ಬಂತು ಎನ್ನುತ್ತಾರೆ. ಕಲ್ಲಿಗೆ ಬಂದದ್ದು ಮಾತ್ರ ತಪ್ಪು ತಿಳಿವಳಿಕೆಯಿಂದ.

16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಮೆತ್ತನೆಯ ಕರಿಕಲ್ಲು ಸಿಕ್ಕಿತು. ಕುರಿಗಳಿಗೆ ಗುರುತು ಹಾಕಲು ಬಳಸಿದರು. ಹೊಳಪು ನೋಡಿ ಸೀಸದ್ದೇ ಒಂದು ಬಗೆ ಅಂದುಕೊಂಡರು. ಫಿರಂಗಿ ಗುಂಡು ಎರೆಯುವ ಅಚ್ಚಿನ ಒಳಗೆ ಬಳಿಯಲು ಇದು ಬೇಕಾದಾಗ ಬೆಲೆ ಏರಿತು, ಕಳ್ಳತನವೂ ಹೆಚ್ಚಿತು. ಕೊನೆಗೆ 1752ರಲ್ಲಿ ಪಾರ್ಲಿಮೆಂಟೇ ಕಾನೂನು ಮಾಡಬೇಕಾಯಿತು. 1779ರಲ್ಲಿ ಸ್ವೀಡನ್ನಿನ ಷೀಲೆ ಇದು ಸೀಸವಲ್ಲ, ಇಂಗಾಲ ಎಂದು ತೋರಿಸಿದ. 1789ರಲ್ಲಿ ಜರ್ಮನಿಯ ವೆರ್ನರ್, ‘ಬರೆ’ ಎಂಬರ್ಥದ ಗ್ರೀಕ್ ಪದ ಹಿಡಿದು ‘ಗ್ರಾಫೈಟ್’ ಎಂದು ಹೊಸ ಹೆಸರಿಟ್ಟ.

ಬ್ಯಾಂಕಿನಲ್ಲಿ ತಪ್ಪು ಎಂಟ್ರಿ ಸಿಕ್ಕರೆ ರಿವರ್ಸಲ್ ಹಾಕದೆ ಮನೆಗೆ ಹೋಗುವಂತಿಲ್ಲ. ಭಾಷೆಯ ಲೆಡ್ಜರಿನಲ್ಲಿ ಯಾರೂ ಹಾಕಲಿಲ್ಲ. ಇಂಗ್ಲಿಷರು ಇಂದಿಗೂ ಪೆನ್ಸಿಲ್ ‘ಲೆಡ್’ ಅನ್ನುತ್ತಾರೆ, ನಾವು ಸೀಸದ ಕಡ್ಡಿ ಅನ್ನುತ್ತೇವೆ. ವ್ಯಾಪಾರಿಗಳೂ ಹಳೆಯ ಹೆಸರು ಬಿಡಲಿಲ್ಲ. 19ನೇ ಶತಮಾನದಲ್ಲಿ ಸಿಲೋನಿನಿಂದ ಹಡಗು ಹತ್ತಿದ ಗ್ರಾಫೈಟಿನ ಹೆಸರು ಪ್ಲಂಬಾಗೊ ಎಂದೇ. ಮುಂದೆ ಆ ದೇಶದ ಮೊದಲ ಪ್ರಧಾನಿಯಾದ ಡಿ.ಎಸ್. ಸೇನಾನಾಯಕೆಯವರ ತಂದೆ ದುಡ್ಡು ಮಾಡಿದ್ದು ಈ ವ್ಯವಹಾರದಲ್ಲೇ. ತಮಾಷೆ ನೋಡಿ, ನಮ್ಮ ಬಿಳಿ ಹೂವಿನ ಚಿತ್ರಮೂಲಕ್ಕೆ 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಪ್ಲಂಬಾಗೊ ಜೈಲಾನಿಕಾ, ಅಂದರೆ ಸಿಲೋನಿನ ಪ್ಲಂಬಾಗೊ!

ಊರಿನಲ್ಲಿ ಪೆನ್ಸಿಲ್ ಕಚ್ಚಿದರೆ “ಸೀಸ ಕಣೋ, ವಿಷ!” ಎಂದು ಮೇಷ್ಟ್ರು ಕೈಗೆ ಬಾರಿಸುತ್ತಿದ್ದರು. ಪಾಪ, ಅದರ ಕರಿಯಲ್ಲಿ ಸೀಸವೇ ಇರಲಿಲ್ಲ. ಹಿತ್ತಲಿನ ಚಿತ್ರಮೂಲದ ಬಗ್ಗೆ ಅವರು ಏನೂ ಹೇಳಿದ್ದಿಲ್ಲ; ಅದರ ಹಸಿ ಬೇರು ಅರೆದು ಹಚ್ಚಿದರೆ ಚರ್ಮ ಬೊಬ್ಬೆ ಏಳುತ್ತದೆ. ವೈದ್ಯರು ಶುದ್ಧಿ ಮಾಡದೆ ಅದನ್ನು ಔಷಧಿಗೆ ಬಳಸುವುದಿಲ್ಲ.

ಕಾಂಪೌಂಡಿನ ನೀಲಿ ಗಿಡ ದಕ್ಷಿಣ ಆಫ್ರಿಕಾದಿಂದ ಬಂದ ಅದರ ತಂಗಿ. ಹೂವಿನ ತೊಟ್ಟು ಅಂಟಂಟು. ಸೊಸೈಟಿಯ ಹುಡುಗಿಯರು ಕಿವಿಗೆ ಅಂಟಿಸಿಕೊಂಡು ಓಲೆ ಅನ್ನುತ್ತಾರೆ. ಎಲೆ, ಬೇರಿನ ತಂಟೆಗೆ ಹೋಗಬೇಡಿ ಎಂದಷ್ಟೇ ಹೇಳಿದ್ದೇನೆ.